ಸಂತ ಬಖಿತಾ ಮತ್ತು ನಮ್ಮ ಸಿದ್ದಿ ಬಾಂಧವರು



ಫೆಬ್ರವರಿ 8 ಸಂತ ಜೋಸೆಫಿನ್ ಬಖಿತಾರ ಹಬ್ಬ. ಅಮೆರಿಕದಲ್ಲಿ ಇದೇ ತಿಂಗಳನ್ನು ಕಪ್ಪು ಜನರ ಇತಿಹಾಸದ ಮಾಸವೆಂದು ಆಚರಿಸುತ್ತಾರೆ. 1926ರಲ್ಲಿ ಕಾರ್ಟರ್ ವುಡ್ಸನ್ ಎಂಬ ಕಪ್ಪು ಇತಿಹಾಸಕಾರರು ಒಂದು ವಾರದ ಆಚರಣೆಯಾಗಿ ಅದನ್ನು ಆರಂಭಿಸಿದರು. ತುಂಗಭದ್ರೆಯ ದಂಡೆಯ ಐರಣಿಯಲ್ಲಿರುವ ನಮಗೆ ಇದೆಲ್ಲ ದೂರದ ಮಾತು ಎನಿಸಬಹುದು. ಆದರೆ ನಮ್ಮ ಜಿಲ್ಲೆಯ ಪಶ್ಚಿಮದ ಗಡಿ ದಾಟಿದರೆ ಮುಂಡಗೋಡ. ಅದರಾಚೆ ಯಲ್ಲಾಪುರ, ಹಳಿಯಾಳ. ಅಲ್ಲಿನ ಕಾಡಂಚಿನ ಊರುಗಳಲ್ಲಿ ಆಫ್ರಿಕ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮಂತೆ ಜಪಮಾಲೆ ಹಿಡಿಯುವ ಕಥೋಲಿಕರೂ ಇದ್ದಾರೆ.

ಬಖಿತಾ ಸುಮಾರು 1869ರಲ್ಲಿ ಸುಡಾನಿನ ಡಾರ್ಫುರ್‌ನಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ಅವರನ್ನು ಅಪಹರಿಸಿ ಮಾರಿದರು. ಭಯದಿಂದ ಆ ಮಗು ತನ್ನ ಹೆಸರನ್ನೇ ಮರೆಯಿತು. 'ಅದೃಷ್ಟವಂತೆ' ಎಂಬ ಅರ್ಥದ 'ಬಖಿತಾ' ಅಪಹರಿಸಿದವರೇ ಇಟ್ಟ ಹೆಸರು. ಎಂಥ ಕ್ರೂರ ಹಾಸ್ಯ! ಕೈಯಿಂದ ಕೈಗೆ ಮಾರಾಟವಾಗುತ್ತ ಇಟಲಿ ಸೇರಿದ ಆಕೆ ಸ್ವತಂತ್ರಳೆಂದು 1889ರಲ್ಲಿ ವೆನಿಸ್ಸಿನ ನ್ಯಾಯಾಲಯ ಸಾರಿತು. ಮರುವರ್ಷ ದೀಕ್ಷಾಸ್ನಾನ ಪಡೆದು, ಮುಂದೆ ಕನೊಸ್ಸಾ ಸಭೆಯ ಕನ್ಯಾಸ್ತ್ರೀಯಾದರು. ಸ್ಕಿಯೊ ಪಟ್ಟಣದ ಕಾನ್ವೆಂಟಿನಲ್ಲಿ ಅಡುಗೆ, ಹೊಲಿಗೆ, ಬಾಗಿಲು ಕಾಯುವ ಸೇವೆ ಮಾಡುತ್ತ 1947ರಲ್ಲಿ ತೀರಿಕೊಂಡರು. 2000ದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ನಮ್ಮ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರದೂ ಇಂಥದೇ ಕಥೆ. ಪೋರ್ಚುಗೀಸರ ಹಡಗುಗಳು ಅವರನ್ನು ಪೂರ್ವ ಆಫ್ರಿಕದಿಂದ ಗೋವೆಗೆ ತಂದವು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಒಂದು ಮಾತನ್ನು ನಾನು ಮುಚ್ಚಿಡಲಾರೆ: ಕೊಂಡವರು ಭಾನುವಾರ ಬಲಿಪೂಜೆಗೆ ಹೋಗುತ್ತಿದ್ದ ಜನ. 1455ರಲ್ಲಿ ಐದನೆಯ ನಿಕೋಲಾಸ್ ಜಗದ್ಗುರುಗಳ ಶಾಸನವೇ ಪೋರ್ಚುಗೀಸರಿಗೆ ಇದಕ್ಕೆ ಅಪ್ಪಣೆಯಂತಾಯಿತು. 1839ರಲ್ಲಿ ಹದಿನಾರನೆಯ ಗ್ರೆಗೊರಿ ಗುಲಾಮರ ವ್ಯಾಪಾರವನ್ನು ಖಂಡಿಸಿದರು, ಬಹಳ ತಡವಾಗಿ. 1992ರಲ್ಲಿ ಎರಡನೆಯ ಜಾನ್ ಪೌಲರು ಸೆನೆಗಲ್ ದೇಶದ ಗೊರೆ ದ್ವೀಪದಲ್ಲಿ ನಿಂತು ಕ್ಷಮೆ ಬೇಡಿದರು.

ಹಾಗೆಂದು ಇದು ಬರಿ ಸಂಕೋಲೆಯ ಇತಿಹಾಸವಲ್ಲ. ಇಥಿಯೋಪಿಯದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತ ಹಿಡಿದು ಮೊಗಲರನ್ನು ತಡೆದ. ನಮ್ಮ ಕಾಲದಲ್ಲಿ ಪ್ರಶಾಂತ್ ಸಿದ್ದಿ ಕನ್ನಡ ಚಿತ್ರಗಳಲ್ಲಿ, ಗಿರಿಜಾ ಸಿದ್ದಿ ರಂಗಭೂಮಿಯಲ್ಲಿ ಹೆಸರು ಮಾಡಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು; 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಗುರುಮಠದಲ್ಲಿ ಓದುತ್ತಿದ್ದಾಗ ನಾನೊಬ್ಬ ಸಿದ್ದಿ ಹುಡುಗನನ್ನು "ಯಾವ ದೇಶದವನಪ್ಪ?" ಎಂದು ಕೇಳಿದ್ದೆ. "ಯಲ್ಲಾಪುರದವ" ಎಂದ, ಅಚ್ಚ ಕನ್ನಡದಲ್ಲಿ. ಆ ನಾಚಿಕೆ ಇನ್ನೂ ಹೋಗಿಲ್ಲ. ಆದ್ದರಿಂದ ಮೊದಲು ಮಕ್ಕಳಿಗೆ ಹೇಳಿಕೊಡಿ: ಬಸ್ಸಿನಲ್ಲಿ ಕಂಡರೆ ಕೂದಲು ಮುಟ್ಟುವುದು, ನಗುವುದು ಬೇಡ. ಹಬ್ಬದ ದಿನ ಊಟಕ್ಕೆ ಮುಂಚೆ ಬಖಿತಾರ ಕಥೆ ಹೇಳಿ. ಜಾತ್ರೆಗೋ ಹಬ್ಬಕ್ಕೋ ಸಿದ್ದಿಗಳ ಡಮಾಮಿ ಕುಣಿತದವರನ್ನು ಕರೆಸಿದರೆ ಬೇರೆ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಊಟ ಹಾಕಿ ಕಳಿಸಿದರೆ ಸಾಲದು.

ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ 'ಕವಂದ' ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ 'ಫುಲಾ' ಎಂಬ ಹೂ ಇಡುತ್ತಾರೆ. ಕಥೋಲಿಕ ಮನೆಯವರು ಕೆಲವೊಮ್ಮೆ ಶಿಲುಬೆಯನ್ನೂ ಹೊಲಿಯುವುದುಂಟು. ಕೊಳ್ಳುವಾಗ ಚೌಕಾಶಿ ಮಾಡಬೇಡಿ, ಹೊಲಿದವರ ಹೆಸರು ಕೇಳಿಕೊಳ್ಳಿ. ನಾನು ತಂದ ಒಂದನ್ನು ನಮ್ಮ ಅಜ್ಜಿಯೊಬ್ಬರಿಗೆ ತೋರಿಸಿದೆ. ಹಿಂದು ಮುಂದು ತಿರುವಿ ಹೊಲಿಗೆ ನೋಡಿ ಅವರೆಂದರು: "ಇದು ನಮ್ಮ ಕೌದೀನ ಅಲ್ರೀ ಫಾದರ್! ಮೂಲ್ಯಾಗ ಒಂದ್ ಹೂವ ಹೆಚ್ಚಿಗಿ ಐತಿ, ಅಷ್ಟ."