ಸಾಹ್ಲಿ ನಳಿಗೆಯ ಕಂದು ಬಣ್ಣ

ನಾನು ಲ್ಯಾಬ್ ನೌಕರಿಗೆ ಸೇರಿದ್ದು 1984ರಲ್ಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಆಗಿನ್ನೂ ಧಾರವಾಡ ಜಿಲ್ಲೆಯವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ವರ್ಗವಾದ ಹಾಗೆಲ್ಲ ಈ ನಾಲ್ಕೂ ಊರಿನವರ ರಕ್ತ ನೋಡಿದ್ದೇನೆ.

ನನಗಿಂತ ಮೊದಲು ರಕ್ತ ನೋಡುತ್ತಿದ್ದವರು ಮನೆಯ ಹಿರಿಯರು. ಕೆಳರೆಪ್ಪೆ ಎಳೆದು, ಬೆಳ್ಳಗಿದ್ದರೆ ‘ಮೈಯಾಗ ರಗತ ಇಲ್ಲ’ ಎಂದು ತೀರ್ಪು ಕೊಡುವರು. ನುಗ್ಗಿ ತಪ್ಪಲು, ಬೆಲ್ಲ, ಮುಗಿಯಿತು. ನಮ್ಮಲ್ಲಿದ್ದ, ಹಿಮೋಗ್ಲೋಬಿನ್ ಅಳೆಯುವ ಸಾಹ್ಲಿ ಪೆಟ್ಟಿಗೆ ಅದಕ್ಕಿಂತ ಬಹಳ ಮುಂದಿತ್ತೆಂದು ಎದೆ ತಟ್ಟಿ ಹೇಳಲಾರೆ. ಬೆರಳು ಚುಚ್ಚಿ 20 ಘನ ಮಿಲಿಮೀಟರ್ ರಕ್ತ ಹೀರಿ, ನಳಿಗೆಯ ಆ್ಯಸಿಡ್‌ಗೆ ಬಿಟ್ಟು, ಹತ್ತು ನಿಮಿಷ ಕಾದು, ಹನಿಹನಿ ನೀರು ಬೆರೆಸುತ್ತ ಪಕ್ಕದ ಕಂದು ಗಾಜಿಗೆ ಬಣ್ಣ ಹೊಂದಿಸಬೇಕು. ಹಾನಗಲ್ಲಿನ ಮಳೆಗಾಲದಲ್ಲಿ ಕಿಟಕಿ ಬೆಳಕು ಸಾಲದೆ ನಳಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದೆ. ಅರ್ಧ ಗ್ರಾಂ ಆಚೀಚೆ ಆಗುವುದು ಖಾಯಂ.

ಬಣ್ಣ ತೆಳುವಾದರೆ ಕಬ್ಬಿಣದ ಗುಳಿಗೆ. ರಕ್ತಹೀನತೆ ತಡೆಯಲು 1970ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಗುಳಿಗೆ ಸಾವಿರಾರು ಬಸುರಿಯರಿಗೆ ಆಸರೆಯಾಗಿದೆ, ಅದನ್ನು ಹಳಿಯಲಾರೆ. ಆದರೆ ಕೆಲವರು ಎಷ್ಟು ನುಂಗಿದರೂ ಏರುತ್ತಿರಲಿಲ್ಲ. ನುಂಗಿರಲಿಕ್ಕಿಲ್ಲ, ತಿಪ್ಪೆಗೆ ಎಸೆದಿರಬೇಕು ಎಂದು ನಾವೇ ಅಂದುಕೊಂಡೆವು.

ಹಿರೇಕೆರೂರಿನಲ್ಲಿ ಒಬ್ಬಾಕೆ ಮೂರನೇ ಸಲ ಬಂದಾಗ ಗದರಿದೆ. ಆಕೆ ನಕ್ಕಳು: “ನಮ್ಮ ಮನ್ಯಾಗ ಎಲ್ಲಾರೂ ಹಿಂಗ ಬೆಳ್ಳಗ ಅದಾರ್ರೀ, ಅಣ್ಣಾರ.” ಆಕೆಯ ಗಂಡ ಸೋದರಮಾವನೇ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ.

ಹೀಗೆ ಮನೆತನದಲ್ಲಿ ಇಳಿದುಬರುವ ರಕ್ತಹೀನತೆಯೂ ಉಂಟು, ಥಲಸ್ಸೀಮಿಯಾ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಥಾಮಸ್ ಕೂಲಿ ಅದನ್ನು ವಿವರಿಸಿದ್ದು 1925ರಲ್ಲಿ. ಅದನ್ನು ಅನುಮಾನಿಸುವ ಅಗ್ಗದ ಪರೀಕ್ಷೆ ನನ್ನ ಕೈಗೆ ಬಂದದ್ದು ನೌಕರಿಯ ಕೊನೆಯ ವರ್ಷಗಳಲ್ಲಿ. ಶೇಕಡಾ 0.36ರ ಉಪ್ಪುನೀರಿಗೆ ರಕ್ತ ಬಿಟ್ಟು, ನಳಿಗೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ ಹಿಡಿಯಬೇಕು. ಗೆರೆ ಸ್ಪಷ್ಟವಾಗಿ ಕಾಣದಿದ್ದರೆ ಅನುಮಾನ. ಖಚಿತಪಡಿಸಲು ಹುಬ್ಬಳ್ಳಿಗೆ ಕಳಿಸಬೇಕು. ಗಂಡ ಹೆಂಡತಿ ಇಬ್ಬರೂ ಇದರ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಂಭವ ನಾಲ್ಕರಲ್ಲೊಂದು.

ಕಾಯಿಲೆ ಬಲಿತವರ ಮೈ ರಕ್ತ ಕಡಿಮೆಯಾಯಿತೆಂದು ಸುಮ್ಮನೆ ಕೂರುವುದಿಲ್ಲ ಎಂದು ತಿಳಿದದ್ದು ನಿವೃತ್ತಿಯ ನಂತರ, ಓದಿ. ಹಾನಗಲ್ಲಿನಲ್ಲಿ ಕೆರೆನೀರು ತುದಿಗದ್ದೆಗೆ ಮುಟ್ಟದಿದ್ದರೆ ರೈತ ಗುದ್ದಲಿ ಹಿಡಿದು ಹೊಸ ಕಾಲುವೆ ಕಡಿಯುತ್ತಾನೆ. ಆಕ್ಸಿಜನ್ ಮುಟ್ಟದ ಅಂಗಾಂಶವೂ ಹಾಗೆಯೇ ವಿಇಜಿಎಫ್ ಎಂಬ ಪ್ರೋಟೀನ್ ಹೊರಡಿಸಿ ಹೊಸ ರಕ್ತನಾಳ ಬೆಳೆಸುತ್ತದೆ. ಅವಸರದ ಕಾಲುವೆ ಸೋರುತ್ತದಲ್ಲ, ಈ ನಾಳವೂ ಸೋರುತ್ತದೆ. 1983ರಲ್ಲಿ ಈ ಪ್ರೋಟೀನ್ ಮೊದಲು ಗುರುತಿಗೆ ಸಿಕ್ಕಿದ್ದೇ ನಾಳಗಳನ್ನು ಸೋರಿಸುವ ವಸ್ತುವೆಂದು. ನಾಳ ಬೆಳೆಸುವ ವಿಇಜಿಎಫ್ ಎಂದು 1989ರಲ್ಲಿ ಬೇರ್ಪಡಿಸಿದಾಗ ಎರಡೂ ಒಂದೇ ಎಂದು ಗೊತ್ತಾಯಿತು. ಥಲಸ್ಸೀಮಿಯಾದವರ ರಕ್ತದಲ್ಲಿ ಇದು ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕುಡುಗೋಲಿನಾಕಾರದ ರಕ್ತಕಣಗಳ ಕಾಯಿಲೆಯಲ್ಲಂತೂ ಅಕ್ಷಿಪಟಲದ ಅಂಚಿನಲ್ಲಿ ಇಂಥ ಹೊಸ ನಾಳಗಳು ಬೀಸಣಿಗೆಯಂತೆ ಹರಡಿ, ಒಡೆದು, ದೃಷ್ಟಿಯನ್ನೇ ಕಳೆಯಬಹುದು. ನನ್ನ ಕಂದು ಗಾಜಿಗೆ ಇದೊಂದೂ ಕಾಣುವಂತಿರಲಿಲ್ಲ.

ಹಿರೇಕೆರೂರಿನಾಕೆಗೆ ಇದ್ದದ್ದು ಏನೋ. ಚೀಟಿಯಲ್ಲಿ ನಾನು ಬರೆದದ್ದು ಇಷ್ಟೇ: 9 ಗ್ರಾಂ. ‘ಎಲ್ಲಾರೂ’ ಅಂದರೆ ಯಾರ್ಯಾರು ಎಂದು ಬರೆಯಲು ಅದರಲ್ಲಿ ಜಾಗ ಇರಲಿಲ್ಲ; ನಾನೂ ಕೇಳಲಿಲ್ಲ.