ಡೊಳ್ಳಿನ ದನಿ ಎಲ್ಲರಿಗೂ ಸಮನಾಗಿ: ಕೋಣೆಯೊಳಗಿನ ಮಂದ್ರಧ್ವನಿಯ ಕಥೆ

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಬಯಲಿನಲ್ಲಿ ಡೊಳ್ಳು ಬಡಿದರೆ ಸುತ್ತ ನಿಂತವರಿಗೆಲ್ಲ ಅದು ಹೆಚ್ಚುಕಡಿಮೆ ಒಂದೇ ತೆರನಾಗಿ ಕೇಳುತ್ತದೆ. ದೂರ ಹೋದಂತೆ ದನಿ ಕುಗ್ಗುತ್ತದೆ, ಅಷ್ಟೆ. ಅದೇ ಡೊಳ್ಳಿನ ಧ್ವನಿಮುದ್ರಣವನ್ನು ಮನೆಯ ಹಜಾರದಲ್ಲಿ ಹೋಂ ಥಿಯೇಟರ್‌ಗೆ ಹಾಕಿ ನೋಡಿ. ಗೋಡೆಗೆ ಒರಗಿ ಕುಳಿತ ಅಜ್ಜನಿಗೆ ಎದೆ ನಡುಗುವಷ್ಟು ಗುಂಗು. ಎರಡು ಮೀಟರ್ ಆಚೆ, ಹಜಾರದ ನಡುವೆ ಕುಳಿತ ಮೊಮ್ಮಗನಿಗೆ ಡೊಳ್ಳು ಇದೆಯೋ ಇಲ್ಲವೋ ಎಂಬಷ್ಟು ಸಪ್ಪೆ. ಮನೆಯವರು ಸಬ್‌ವೂಫರ್ ಸಾಲದೆಂದು ಇನ್ನೂ ದೊಡ್ಡದನ್ನು ತರುತ್ತಾರೆ. ಹಣ ಖರ್ಚಾಗುತ್ತದೆ, ಮೊಮ್ಮಗನ ಕುರ್ಚಿ ಸಪ್ಪೆಯಾಗಿಯೇ ಉಳಿಯುತ್ತದೆ. ದೋಷ ಪೆಟ್ಟಿಗೆಯಲ್ಲಿಲ್ಲ, ಅದನ್ನು ಇಟ್ಟ ಜಾಗದಲ್ಲಿದೆ. ಇದನ್ನು ಬಿಡಿಸಿ ಹೇಳುವ ಭೌತವಿಜ್ಞಾನ ಹತ್ತೊಂಬತ್ತನೆಯ ಶತಮಾನದಲ್ಲೇ ಸಿದ್ಧವಾಗಿತ್ತು. ಅದು ಮನೆಯ ಹಜಾರಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮೊದಲು ಚರ್ಮವಾದ್ಯವನ್ನೇ ನೋಡೋಣ. ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ನಮ್ಮ ಮೃದಂಗ, ತಬಲಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮರುವರ್ಷ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಮಂಡಿಸಿದರು. ಚರ್ಮದ ಮೇಲೆ ಮರಳು ಉದುರಿಸಿ ಕಂಪಿಸಿದಾಗ, ಚಲನೆಯಿಲ್ಲದ ಗೆರೆಗಳ ಮೇಲೆ ಮರಳು ಸಾಲುಗಟ್ಟುತ್ತದೆ. ಇವೇ ನಿಸ್ಪಂದ ರೇಖೆಗಳು. ಕರಣೆಯ ತೂಕದಿಂದಾಗಿ ಒಂಬತ್ತು ಸಹಜ ಕಂಪನಗಳು ಐದು ಸಂಗತ ಸ್ವರಗಳಾಗಿ ಗುಂಪುಗೂಡುತ್ತವೆ ಎಂದು ಅವರು ತೋರಿಸಿದರು. ಇವುಗಳಲ್ಲಿ ಯಾವುದು ಏಳಬೇಕು, ಯಾವುದು ಅಡಗಬೇಕು ಎಂಬುದನ್ನು ವಾದಕನು ಹೊಡೆಯುವ ಜಾಗದಿಂದ ನಿರ್ಧರಿಸುತ್ತಾನೆ. ಒಂದು ಕಂಪನದ ನಿಸ್ಪಂದ ರೇಖೆಯ ಮೇಲೆಯೇ ಹೊಡೆದರೆ ಆ ಕಂಪನ ಏಳುವುದಿಲ್ಲ.

ಕೋಣೆಯೂ ಇಂಥದೇ ಒಂದು ವಾದ್ಯ. ಇಲ್ಲಿ ಚರ್ಮದ ಬದಲು ಗಾಳಿ. ಲಾರ್ಡ್ ರ್‍ಯಾಲೆ 1877–78ರಲ್ಲಿ ಪ್ರಕಟಿಸಿದ ಧ್ವನಿಸಿದ್ಧಾಂತದ ಗ್ರಂಥದಲ್ಲಿ ಆಯತಾಕಾರದ ಕೋಣೆಯ ಸಹಜ ಕಂಪನಗಳ ಲೆಕ್ಕವಿದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಹಜಾರವನ್ನು ತೆಗೆದುಕೊಳ್ಳೋಣ. ಧ್ವನಿವೇಗ ಸೆಕೆಂಡಿಗೆ 344 ಮೀಟರ್ ಎಂದಿಟ್ಟುಕೊಂಡು ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 34.4 ಹರ್ಟ್ಸ್. ಅಗಲಕ್ಕೆ 43, ಎತ್ತರಕ್ಕೆ 57.3. ಉದ್ದದ ಎರಡನೆಯ ಕಂಪನ 68.8. ಓರೆ ಕಂಪನಗಳು ಬೇರೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಅಂಶವಿದೆ. ಗೋಡೆಯ ಬಳಿ ಗಾಳಿಯ ಕಣಗಳ ಚಲನೆ ಶೂನ್ಯ. ಆದರೆ ಒತ್ತಡದ ಏರಿಳಿತ ಗರಿಷ್ಠ. ಕಿವಿ ಗ್ರಹಿಸುವುದು ಒತ್ತಡವನ್ನು. ಆದ್ದರಿಂದ 34.4 ಹರ್ಟ್ಸ್‌ನ ಧ್ವನಿ ಗೋಡೆಗಳ ಬಳಿ ಜೋರು, ಹಜಾರದ ನಡುವೆ ಮೌನ. ಅಜ್ಜ, ಮೊಮ್ಮಗನ ವ್ಯತ್ಯಾಸಕ್ಕೆ ಇದೇ ಕಾರಣ.

ಇಷ್ಟು ತಿಳಿದಿದ್ದರೂ ಕೋಣೆಯ ಧ್ವನಿವಿಜ್ಞಾನ ಮೊದಲು ಬೇರೆ ದಾರಿ ಹಿಡಿಯಿತು. ಹಾರ್ವರ್ಡ್‌ನ ವ್ಯಾಲೇಸ್ ಸಬೀನ್ 1895ರಿಂದ ಉಪನ್ಯಾಸ ಭವನವೊಂದರಲ್ಲಿ ಧ್ವನಿ ಅಡಗಲು ಬೇಕಾದ ಕಾಲವನ್ನು ಅಳೆದು ಸೂತ್ರ ಕೊಟ್ಟರು. ಧ್ವನಿ ಕೋಣೆಯ ತುಂಬ ಸಮವಾಗಿ ಹರಡಿದೆ ಎಂಬುದು ಅದರ ಆಧಾರ. ದೊಡ್ಡ ಸಭಾಂಗಣಕ್ಕೆ ಇದು ಸರಿ. ಈ ಕಲ್ಪನೆ ಯಾವ ಆವೃತ್ತಿಯ ಕೆಳಗೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಯನ್ನು ಮ್ಯಾನ್‌ಫ್ರೆಡ್ ಶ್ರೋಡರ್ 1954ರಲ್ಲಿ ಎತ್ತಿಕೊಂಡರು. ಈಗ ಬಳಕೆಯಲ್ಲಿರುವ ಅವರ ಸೂತ್ರ ಹೀಗಿದೆ: ಧ್ವನಿ ಅಡಗುವ ಕಾಲವನ್ನು ಕೋಣೆಯ ಘನಗಾತ್ರದಿಂದ ಭಾಗಿಸಿ, ವರ್ಗಮೂಲ ತೆಗೆದು, 2000ದಿಂದ ಗುಣಿಸಿ. ನಮ್ಮ 60 ಘನಮೀಟರ್ ಹಜಾರದಲ್ಲಿ ಧ್ವನಿ ಅರ್ಧ ಸೆಕೆಂಡಿನಲ್ಲಿ ಅಡಗಿದರೆ ಈ ಗಡಿ ಸುಮಾರು 183 ಹರ್ಟ್ಸ್. ಸಬ್‌ವೂಫರಿನ ಕೆಲಸವೆಲ್ಲ ಇದಕ್ಕೂ ಕೆಳಗೆ, ಬಿಡಿಬಿಡಿ ಕಂಪನಗಳ ರಾಜ್ಯದಲ್ಲಿ.

ಮಂದ್ರಧ್ವನಿಯನ್ನು ಮನೆಗೆ ತಂದದ್ದು ಸಿನಿಮಾ. 1974ರ ‘ಅರ್ತ್‌ಕ್ವೇಕ್’ ಚಿತ್ರಕ್ಕೆ ಥಿಯೇಟರುಗಳಲ್ಲಿ ವಿಶೇಷ ಸ್ಪೀಕರುಗಳನ್ನಿಟ್ಟು ನೆಲ ನಡುಗಿಸಿದರು. 1992ರಲ್ಲಿ ಬಂದ ಡಾಲ್ಬಿ ಡಿಜಿಟಲ್‌ನಲ್ಲಿ ಮಂದ್ರಧ್ವನಿಗೇ ಒಂದು ಪ್ರತ್ಯೇಕ ವಾಹಿನಿ ದೊರೆಯಿತು, ‘5.1’ ಎಂಬುದರ ಕೊನೆಯ ‘.1’ ಅದೇ. ಡಿವಿಡಿಯೊಂದಿಗೆ ಇದು ಹಜಾರಕ್ಕೆ ಇಳಿಯಿತು, ರ್‍ಯಾಲೆಯ ಲೆಕ್ಕವೂ ಹಿಂದೆಯೇ ಬಂತು.

ಪೆಟ್ಟಿಗೆಯನ್ನು ಎಲ್ಲಿಡಬೇಕು? ಹವ್ಯಾಸಿಗಳಲ್ಲಿ ಒಂದು ಉಪಾಯ ಬಳಕೆಯಲ್ಲಿದೆ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲಿಡಿ. ಹಾಡು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಕೇಳಿ. ಎಲ್ಲಿ ಮಂದ್ರಧ್ವನಿ ಹದವಾಗಿದೆಯೋ ಅಲ್ಲಿ ಪೆಟ್ಟಿಗೆ ಇಡಿ. ನೋಡಿದವರು ನಗಬಹುದು. ಆದರೆ ಇದರ ಹಿಂದೆ ಹೆಲ್ಮ್‌ಹೋಲ್ಟ್ಸ್ 1860ರಲ್ಲಿ ಹೇಳಿದ, ರ್‍ಯಾಲೆ 1873ರಲ್ಲಿ ವಿಸ್ತರಿಸಿದ ವಿನಿಮಯ ನಿಯಮವಿದೆ: ಧ್ವನಿಯ ಆಕರ ಮತ್ತು ಕೇಳುಗನ ಜಾಗಗಳನ್ನು ಅದಲುಬದಲು ಮಾಡಿದರೂ ಕೇಳುವ ಧ್ವನಿ ಬದಲಾಗದು.

ಆದರೆ ಇದು ಒಂದು ಕುರ್ಚಿಗೆ ಮಾತ್ರ ಪರಿಹಾರ. ಎಲ್ಲ ಕುರ್ಚಿಗಳಿಗೂ ಸಮನಾಗಿ ಬೇಕಾದರೆ? ಅಮೆರಿಕದ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಪ್ರಬಂಧ ಇದನ್ನೇ ಕೇಳಿತು: ಎಷ್ಟು ಸಬ್‌ವೂಫರ್ ಸಾಕು? ಎದುರುಬದುರು ಗೋಡೆಗಳ ನಡುಬಿಂದುಗಳಲ್ಲಿ ಎರಡನ್ನು ಇಟ್ಟರೆ ಬಹಳಷ್ಟು ಸುಧಾರಣೆ. ನಾಲ್ಕೂ ಗೋಡೆಗಳ ನಡುವೆ ನಾಲ್ಕಿದ್ದರೆ ಇನ್ನೂ ಉತ್ತಮ. ಕಾರಣ ಸರಳ. ಉದ್ದದ ಮೊದಲ ಕಂಪನದಲ್ಲಿ ಎರಡು ಎದುರು ಗೋಡೆಗಳ ಒತ್ತಡ ವಿರುದ್ಧ ಚಿಹ್ನೆಯದು. ಎರಡು ಪೆಟ್ಟಿಗೆಗಳು ಒಟ್ಟಿಗೆ ಒತ್ತಿದರೆ ಒಂದು ಎಬ್ಬಿಸುವುದನ್ನು ಇನ್ನೊಂದು ಅಡಗಿಸುತ್ತದೆ. ಅಗಲದ ಮೊದಲ ಕಂಪನಕ್ಕೆ ಆ ಪೆಟ್ಟಿಗೆಗಳು ನಿಸ್ಪಂದದಲ್ಲಿಯೇ ಇವೆ. ಎತ್ತರದ ಕಂಪನ ಉಳಿಯುತ್ತದೆ ನಿಜ. ಕುಳಿತವರ ಕಿವಿಗಳೆಲ್ಲ ಸುಮಾರು ಒಂದೇ ಎತ್ತರದಲ್ಲಿರುವುದರಿಂದ ಅದು ಕುರ್ಚಿಯಿಂದ ಕುರ್ಚಿಗೆ ಭೇದ ಮಾಡದು. ಮೃದಂಗದ ಪಾಠವೇ ಇಲ್ಲಿಯೂ: ಹೊಡೆಯುವ ಜಾಗ ಆರಿಸಿಕೊಳ್ಳಿ.

ಈಕ್ವಲೈಸರ್‌ನ ಸರದಿ ಇದಾದ ಮೇಲೆ. ಬೇಕಾದ ಆವೃತ್ತಿಯನ್ನು ಹೆಕ್ಕಿ ತಗ್ಗಿಸಬಲ್ಲ ಪ್ಯಾರಾಮೆಟ್ರಿಕ್ ಈಕ್ವಲೈಸರ್ ಬಗ್ಗೆ ಜಾರ್ಜ್ ಮ್ಯಾಸೆನ್‌ಬರ್ಗ್ 1972ರಲ್ಲಿ ಪ್ರಬಂಧ ಮಂಡಿಸಿದರು. ಉಬ್ಬನ್ನು ತಗ್ಗಿಸಲು ಇದು ಉತ್ತಮ ಸಾಧನ. ಆದರೆ ನಿಸ್ಪಂದದ ತಗ್ಗನ್ನು ತುಂಬಲು ಹೊರಟರೆ ಅಪಾಯ. 10 ಡೆಸಿಬೆಲ್ ಏರಿಸಲು ಹತ್ತುಪಟ್ಟು ವಿದ್ಯುತ್ ಸಾಮರ್ಥ್ಯ ಬೇಕು. ಸ್ಪೀಕರಿನ ಸುರುಳಿ ಸುಡಬಹುದು. ಅಷ್ಟಾದರೂ ಮೊಮ್ಮಗನ ತಗ್ಗು ತುಂಬುವುದಿಲ್ಲ, ಅಜ್ಜನ ಗುಂಗು ಮಾತ್ರ ಹೆಚ್ಚುತ್ತದೆ. ಜಾಗದಿಂದ ಎಲ್ಲ ಕುರ್ಚಿಗಳನ್ನೂ ಸಮೀಪಕ್ಕೆ ತಂದ ಮೇಲಾದರೆ, ಒಂದೇ ತಿದ್ದುಪಡಿ ಎಲ್ಲರಿಗೂ ಸಲ್ಲುತ್ತದೆ.

ಶಿಕ್ಷಕರು ಇದನ್ನು ಪ್ರಯೋಗವಾಗಿ ಮಾಡಿಸಬಹುದು. 5 ಮೀಟರ್ ಉದ್ದದ ಕೋಣೆಯ ಮೂಲೆಯಲ್ಲಿ ಒಂದು ದೊಡ್ಡ ಸ್ಪೀಕರ್ ಇಟ್ಟು, ಸುಮಾರು 69 ಹರ್ಟ್ಸ್‌ನ ಒಂಟಿ ಸ್ವರವನ್ನು ಮೆಲ್ಲಗೆ ನುಡಿಸಿ. ಉದ್ದಕ್ಕೂ ನಡೆಯುತ್ತ ಧ್ವನಿ ಕುಗ್ಗುವ ಎರಡು ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ. ಬೇರೆ ಕಂಪನಗಳೂ ಬೆರೆಯುವುದರಿಂದ ಆವೃತ್ತಿಯನ್ನು ಕೊಂಚ ಹಿಂದೆಮುಂದೆ ಸರಿಸಬೇಕಾದೀತು. ಗುರುತುಗಳ ನಡುವಿನ ದೂರ ಸುಮಾರು 2.5 ಮೀಟರ್, ಅಂದರೆ ಅರ್ಧ ತರಂಗದೂರ. ಅದನ್ನು ಇಮ್ಮಡಿಸಿ ಆವೃತ್ತಿಯಿಂದ ಗುಣಿಸಿದರೆ ಧ್ವನಿವೇಗ ಸಿಗುತ್ತದೆ. ಮನೆಗೆ ಹೋಗಿ ಆ ಮಕ್ಕಳೇ ಸಬ್‌ವೂಫರಿನ ಜಾಗ ಬದಲಿಸಿಯಾರು. ಹೊಸ ಪೆಟ್ಟಿಗೆಯ ಖರ್ಚೂ ಉಳಿದೀತು.