ಆರು ಪುಸ್ತಕಗಳ ಮಾಲೆ: ಬಾಸ್ಟನ್ನಿನ ಲೀ ಮತ್ತು ಶೆಪರ್ಡ್

ಹಾರ್ಡಿ ಬಾಯ್ಸ್, ನ್ಯಾನ್ಸಿ ಡ್ರೂ ಎಂಬ ಹೆಸರುಗಳು ಇಂಗ್ಲಿಷ್ ಓದುವ ನಮ್ಮ ಮಕ್ಕಳಿಗೆ ಹೊಸತಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಬೇಕು. "ಇದನ್ನೇ ಓದುತ್ತಾ ಕೂತರೆ ಪಾಠ ಓದುವುದು ಯಾವಾಗ?" ಎಂದು ಗದರುವ ಹಿರಿಯರಿಗೂ ಕೊರತೆಯಿಲ್ಲ. ಇಂಥ ಮಾಲೆಗಳ ಒಂದು ಮುಖ್ಯ ಬೇರನ್ನು ಹುಡುಕುತ್ತಾ ಹೋದರೆ ನಾವು ತಲುಪುವುದು ಹತ್ತೊಂಬತ್ತನೆಯ ಶತಮಾನದ ಬಾಸ್ಟನ್ ನಗರದ ಒಂದು ಪ್ರಕಾಶನ ಸಂಸ್ಥೆಗೆ. ಗದರಿಕೆಯೂ ಅಲ್ಲಿ ಜೊತೆಗೇ ಇತ್ತು.

ವಿಲಿಯಂ ಲೀ ಮತ್ತು ಚಾರ್ಲ್ಸ್ ಶೆಪರ್ಡ್ ಎಂಬಿಬ್ಬರು 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ತಮ್ಮ ಹೆಸರುಗಳನ್ನೇ ಸೇರಿಸಿ ಈ ಸಂಸ್ಥೆಯನ್ನು ತೆರೆದರು. ಇಬ್ಬರೂ ಪುಸ್ತಕ ವ್ಯಾಪಾರದಲ್ಲಿ ಪಳಗಿದವರು. ಲೀ ಹಿಂದೆ ಪಾಲುದಾರನಾಗಿದ್ದ ಫಿಲಿಪ್ಸ್, ಸ್ಯಾಂಪ್ಸನ್ ಸಂಸ್ಥೆ 1859ರಲ್ಲಿ ಮುಚ್ಚಿಹೋಗಿತ್ತು. ಆ ಸಂಸ್ಥೆಯ ಲೇಖಕರಲ್ಲಿ ಒಬ್ಬ ವಿಲಿಯಂ ಟೇಲರ್ ಆಡಮ್ಸ್. ಬಾಸ್ಟನ್ನಿನ ಶಾಲಾ ಮಾಸ್ತರ. ಒಂದು ನಾಟಕದಲ್ಲಿ ಕಂಡ 'ಡಾಕ್ಟರ್ ಆಪ್ಟಿಕ್' ಎಂಬ ಪಾತ್ರದ ಹೆಸರನ್ನು ಎತ್ತಿಕೊಂಡು 'ಆಲಿವರ್ ಆಪ್ಟಿಕ್' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ. ಹುಡುಗರಿಗಾಗಿ 1855ರಲ್ಲಿ ಆತ ಬರೆದ 'ದ ಬೋಟ್ ಕ್ಲಬ್' ಈಗ ಲೀ ಮತ್ತು ಶೆಪರ್ಡರ ಕೈಗೆ ಬಂತು. ಆತನೂ ಬಂದ.

ಇವರ ಉಪಾಯ ಸರಳ. ಒಂದು ಕತೆಗೆ ಒಂದು ಪುಸ್ತಕವಲ್ಲ, ಆರು ಪುಸ್ತಕಗಳ ಒಂದು ಮಾಲೆ. ಆರಕ್ಕೂ ಒಂದೇ ಬಗೆಯ ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಲಂಕಾರ. ಎರಡು ಪುಸ್ತಕ ಕೊಂಡ ಮನೆಯ ಕಪಾಟಿನಲ್ಲಿ ಉಳಿದ ನಾಲ್ಕರ ಜಾಗ ತಾನಾಗಿಯೇ ಕಾಣುತ್ತದಲ್ಲ! ಯುದ್ಧದ ದಿನಗಳಲ್ಲಿ 'ಭೂಸೇನೆ ಮತ್ತು ನೌಕಾಸೇನೆ' ಮಾಲೆ ಬಂತು, ಅನಂತರ ಹುಡುಗರನ್ನು ಹಡಗಿನಲ್ಲಿ ಯುರೋಪು ಸುತ್ತಿಸುವ ಮಾಲೆ. ಚಿಕ್ಕ ಮಕ್ಕಳಿಗೆ 'ಸೋಫಿ ಮೇ' ಎಂಬ ಹೆಸರಿನಲ್ಲಿ ರೆಬೆಕಾ ಕ್ಲಾರ್ಕ್ ಬರೆದ 'ಲಿಟ್ಲ್ ಪ್ರೂಡಿ' ಕತೆಗಳು. ನನ್ನ ಮಟ್ಟಿಗೆ ಆಪ್ಟಿಕ್‌ನ ವೀರ ಹುಡುಗರಿಗಿಂತ ಮಾತು ತಪ್ಪಿ ಆಡುವ ಪ್ರೂಡಿಯೇ ಹೆಚ್ಚು ಜೀವಂತ. 1867ರಿಂದ ಆಪ್ಟಿಕ್‌ನ ಹೆಸರಿನಲ್ಲೇ ಒಂದು ಪತ್ರಿಕೆ ಹೊರಟಿತು. ಕತೆ ಮೊದಲು ಅದರಲ್ಲಿ ಧಾರಾವಾಹಿ, ಆಮೇಲೆ ಪುಸ್ತಕ.

ಈ ವ್ಯಾಪಾರದ ನಿಜವಾದ ಆಸ್ತಿ ಕಾಗದವಲ್ಲ, ಲೋಹ. ಮೊಳೆ ಜೋಡಿಸಿದ ಪುಟದಿಂದ ಎರಕದ ಅಚ್ಚು ತೆಗೆದು, ಕರಗಿದ ಲೋಹ ಹೊಯ್ದು, ಪುಟಕ್ಕೊಂದರಂತೆ ಫಲಕ ಮಾಡಿ ಇಡುತ್ತಿದ್ದರು. ಬೇಕಾದಾಗಲೆಲ್ಲ ಮತ್ತೆ ಅಚ್ಚು ಹಾಕಬಹುದು. ಹೊಸದಾಗಿ ಮೊಳೆ ಜೋಡಿಸುವ ಖರ್ಚಿಲ್ಲ. ಹಳೆಯ ಕತೆ ಹೊಸ ರಟ್ಟು ತೊಟ್ಟು ಮುಂದಿನ ತಲೆಮಾರಿನ ಮಕ್ಕಳ ಮುಂದೆ ನಿಲ್ಲುತ್ತಿತ್ತು.

ನೆರೆಯ ಪ್ರಕಾಶಕರು ಇದನ್ನು ನೋಡುತ್ತಲೇ ಇದ್ದರು. ಬಾಸ್ಟನ್ನಿನವರೇ ಆದ ರಾಬರ್ಟ್ಸ್ ಬ್ರದರ್ಸ್‌ನ ಥಾಮಸ್ ನೈಲ್ಸ್, ಆಪ್ಟಿಕ್‌ನ ಪುಸ್ತಕಗಳು ಖರ್ಚಾಗುವ ಪರಿ ಕಂಡು, ಹುಡುಗಿಯರಿಗೂ ಅಂಥದೊಂದು ಬೇಕೆಂದು ಲೂಯಿಸಾ ಮೇ ಆಲ್ಕಾಟಳನ್ನು ಕೇಳಿದ. ಆಕೆ ಅರೆಮನಸ್ಸಿನಿಂದ ಬರೆದುಕೊಟ್ಟದ್ದೇ 1868ರ 'ಲಿಟ್ಲ್ ವಿಮೆನ್'.

ಏಳು ವರ್ಷಗಳ ಮೇಲೆ ಅದೇ ಆಲ್ಕಾಟ್ ಆಪ್ಟಿಕ್‌ನ ಮೇಲೆ ತಿರುಗಿಬಿದ್ದಳು. 1875ರ 'ಏಟ್ ಕಸಿನ್ಸ್' ಕಾದಂಬರಿಯಲ್ಲಿ ಒಬ್ಬ ತಾಯಿ ತನ್ನ ಗಂಡುಮಕ್ಕಳು ಓದುವ ಕತೆಗಳನ್ನು ಹಳಿಯುತ್ತಾಳೆ. ಹದಿನೈದರ ಪೋರ ಹಡಗು ನಡೆಸುವುದು, ಕಳ್ಳರನ್ನು ಹಿಡಿಯುವುದು, ಬೀದಿಯ ಹುಡುಗ ದಿಢೀರನೆ ಶ್ರೀಮಂತನಾಗುವುದು, ಸಾಲದ್ದಕ್ಕೆ ಕೀಳು ಭಾಷೆ. ಕಣ್ಣಿಗೆ ಸಂಬಂಧಿಸಿದ 'ಆಪ್ಟಿಕ್' ಪದದ ಮೇಲೆ ಒಂದು ಶ್ಲೇಷೆಯೂ ಇತ್ತು. ಬಾಣ ಯಾರಿಗೆಂದು ಯಾರಿಗೂ ಸಂಶಯ ಉಳಿಯಲಿಲ್ಲ. ಆಪ್ಟಿಕ್ ತನ್ನ ಪತ್ರಿಕೆಯಲ್ಲಿ ಉತ್ತರ ಕೊಟ್ಟ: ಆಕೆ ಎತ್ತಿ ತೋರಿಸಿದ ಪ್ರಸಂಗಗಳು ತನ್ನ ಪುಸ್ತಕಗಳವಲ್ಲ ಎಂದು.

ಜಗಳ ಗ್ರಂಥಾಲಯಗಳಿಗೂ ಹೋಯಿತು. ಜನರ ತೆರಿಗೆಯ ಹಣದಲ್ಲಿ ಇಂಥ ಕತೆ ಕೊಳ್ಳಬೇಕೇ? 1879ರಲ್ಲಿ ಬಾಸ್ಟನ್ನಿನಲ್ಲೇ ಸೇರಿದ ಗ್ರಂಥಪಾಲಕರ ಸಮ್ಮೇಳನದಲ್ಲಿ ಇದು ಚರ್ಚೆಯ ವಿಷಯ. ವೂಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯಲ್ ಗ್ರೀನ್ ಆಪ್ಟಿಕ್‌ನಂಥವರ ಪರವಾಗಿ ಮಾತಾಡಿದ. ಇವರ ಪುಸ್ತಕ ಇಲ್ಲವೆಂದರೆ ಹುಡುಗರು ಇನ್ನೂ ಕೆಟ್ಟದ್ದನ್ನು ಓದಿಯಾರೆಂಬ ಭಯ ಆತನದು. ಹತ್ತು ಸೆಂಟಿನ ಅಗ್ಗದ ಕತೆಪುಸ್ತಕಗಳು 1860ರಿಂದಲೇ ಪೇಟೆಯಲ್ಲಿದ್ದವು. ಭಾಷೆಯ ವಿಷಯದಲ್ಲಿ ಆಲ್ಕಾಟಳ ಮಾತಿಗೆ ತೂಕವಿದೆ. ಆದರೆ ಆಕೆಯೂ ಬೇರೆ ಹೆಸರಿನಲ್ಲಿ, ಹೆಸರಿಲ್ಲದೆಯೂ, ರೋಮಾಂಚಕ ಕತೆ ಬರೆದು ಹಣ ಪಡೆದವಳೇ. ಆ ಗುಟ್ಟು ಹೊರಬಿದ್ದದ್ದು 1943ರಲ್ಲಿ.

ಜಗಳಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿತ್ತು. 1872ರ ನವೆಂಬರಿನಲ್ಲಿ ಬಾಸ್ಟನ್ ಪೇಟೆ ಹೊತ್ತಿ ಉರಿಯಿತು. ಮರುವರ್ಷ ದೇಶವೇ ಹಣದ ಮುಗ್ಗಟ್ಟಿಗೆ ಸಿಕ್ಕಿತು. 1875ರಲ್ಲಿ ಲೀ ಮತ್ತು ಶೆಪರ್ಡ್ ದಿವಾಳಿಯಾಯಿತು. ಆಪ್ಟಿಕ್‌ನ ಪತ್ರಿಕೆಯೂ ಆ ವರ್ಷಕ್ಕೇ ನಿಂತಿತು. ಆದರೂ ಸಾಲಗಾರರೊಡನೆ ಒಪ್ಪಂದ ಮಾಡಿಕೊಂಡು ಸಂಸ್ಥೆ ಎದ್ದು ನಿಂತಿತು, ಹಳೆಯ ಮಾಲೆಗಳು ಮತ್ತೆ ಅಂಗಡಿಗೆ ಬಂದವು. 1895ರಲ್ಲಿ ಆಪ್ಟಿಕ್ ತನ್ನ ಹುಡುಗರನ್ನು ನಮ್ಮ ದೇಶಕ್ಕೂ ಕರೆತಂದ. ಆ ಪುಸ್ತಕದ ಹೆಸರು 'ಅಕ್ರಾಸ್ ಇಂಡಿಯಾ'. ಶೆಪರ್ಡ್ 1889ರಲ್ಲೇ ತೀರಿಕೊಂಡಿದ್ದ. ಆಪ್ಟಿಕ್ ನೂರಕ್ಕೂ ಹೆಚ್ಚು ಪುಸ್ತಕ ಬರೆದು 1897ರಲ್ಲಿ ಕಣ್ಮುಚ್ಚಿದಾಗ ಒಂದು ಮಾಲೆ ಅರ್ಧಕ್ಕೆ ನಿಂತಿತ್ತು.

ಅದರ ಕೊನೆಯ ಪುಸ್ತಕವನ್ನು ಮುಗಿಸಿಕೊಟ್ಟವನು ಎಡ್ವರ್ಡ್ ಸ್ಟ್ರೇಟ್‌ಮೆಯರ್ ಎಂಬ ನ್ಯೂಜೆರ್ಸಿಯ ಯುವಕ. 1898ರಲ್ಲಿ ಅಮೆರಿಕದ ನೌಕಾಪಡೆ ಮನಿಲಾದಲ್ಲಿ ಗೆದ್ದ ಸುದ್ದಿ ಬಂದಾಗ, ಅದೇ ವರ್ಷ ಅದರ ಮೇಲೆ ಹುಡುಗರ ಕಾದಂಬರಿಯೊಂದನ್ನು ಲೀ ಮತ್ತು ಶೆಪರ್ಡ್‌ಗೆ ಒದಗಿಸಿದವನೂ ಇವನೇ. ಮುಂದೆ ಈತ ಕತೆಯ ಹಂದರವನ್ನು ಮಾತ್ರ ತಾನು ಹಾಕಿ, ಉಳಿದದ್ದನ್ನು ಕೂಲಿ ಲೇಖಕರಿಂದ ಬರೆಸಿ, ಕಾಲ್ಪನಿಕ ಹೆಸರಿನಲ್ಲಿ ಹೊರತರುವ ಕತೆಯ ಕಾರ್ಖಾನೆಯನ್ನೇ ಕಟ್ಟಿದ. 1927ರ ಹಾರ್ಡಿ ಬಾಯ್ಸ್, 1930ರ ನ್ಯಾನ್ಸಿ ಡ್ರೂ ಅಲ್ಲಿಯವೇ.

ಲೀ ಮತ್ತು ಶೆಪರ್ಡ್ 1904ರಲ್ಲಿ ಲೋಥ್ರಪ್ ಎಂಬ ಇನ್ನೊಂದು ಸಂಸ್ಥೆಯೊಡನೆ ಒಂದಾಯಿತು. ಆ ಜೋಡು ಹೆಸರು ಒಡೆಯರಿಂದ ಒಡೆಯರಿಗೆ ದಾಟುತ್ತಾ ಮಕ್ಕಳ ಪುಸ್ತಕಗಳ ಮೇಲೆ ಉಳಿದುಕೊಂಡು, ಕೊನೆಗೆ 1999ರಲ್ಲಿ ಹಾರ್ಪರ್‌ಕಾಲಿನ್ಸ್‌ನ ಕೈಸೇರಿದಾಗ ಅಳಿಸಿಹೋಯಿತು.